ತುಮಕೂರಿನಲ್ಲಿ ಹತ್ತಿದವಳಿಗೆ ಹುಬ್ಬಳ್ಳಿಯಿಂದ ದರ ಹಾಕಬಹುದೇ?

ಪ್ರಶ್ನೆ: ನಮ್ಮದು ತುಮಕೂರು. ಮಗಳು ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ, ದಿನಾ ರೈಲಿನಲ್ಲೇ ಓಡಾಟ. ಹೋದ ಸೋಮವಾರ ಬೆಳಿಗ್ಗೆ ಕೌಂಟರ್ ಮುಂದೆ ಉದ್ದ ಸಾಲು ಇತ್ತಂತೆ. ಅಷ್ಟರಲ್ಲಿ ರೈಲು ಬಂದೇಬಿಟ್ಟಿತು. ಒಳಗೆ ಕೂತು ಮೊಬೈಲಿನಲ್ಲಿ ಟಿಕೆಟ್ ತೆಗೆದರಾಯಿತು ಎಂದು ಜನರಲ್ ಬೋಗಿ ಹತ್ತಿದ್ದಾಳೆ. ಆ್ಯಪ್ ಟಿಕೆಟ್ ಕೊಡಲೇ ಇಲ್ಲ. ದಾಬಸ್‌ಪೇಟೆ ದಾಟಿದ ಮೇಲೆ ಟಿಟಿ ಬಂದರು. ತುಮಕೂರಿನಲ್ಲಿ ಹತ್ತಿದ್ದು ಎಂದು ಎಷ್ಟು ಹೇಳಿದರೂ ಒಪ್ಪದೆ, ರೈಲು ಹೊರಟ ಹುಬ್ಬಳ್ಳಿಯಿಂದ ದರ ಹಾಕಿ, ಮೇಲೆ ₹250 ಸೇರಿಸಿ ನಾನೂರು ಚಿಲ್ಲರೆ ಕಟ್ಟಿಸಿಕೊಂಡರು. ಕಟ್ಟದಿದ್ದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿಸುತ್ತೇವೆ, ಕೇಸ್ ಆಗುತ್ತದೆ ಎಂದೂ ಹೇಳಿದರಂತೆ. ಇದು ಸರಿಯೇ? ಅವಳ ಹೆಸರು ಎಲ್ಲಾದರೂ ದಾಖಲಾಗಿ ಮುಂದೆ ಸರ್ಕಾರಿ ಕೆಲಸಕ್ಕೆ ಅಡ್ಡಿಯಾಗುತ್ತದೆಯೇ? ಹತ್ತಿದ ಕೂಡಲೇ ಗಾರ್ಡ್‌ಗೆ ಹೇಳಿದ್ದರೆ ದಂಡವೇ ಇರಲಿಲ್ಲ ಎನ್ನುತ್ತಾರೆ ಪಕ್ಕದ ಮನೆಯವರು. ಪ್ಲಾಟ್‌ಫಾರಂ ಟಿಕೆಟ್ ಇದ್ದರೂ ಸಾಕಿತ್ತು ಎನ್ನುತ್ತಾರೆ ಅವಳ ಜೊತೆ ಕೆಲಸ ಮಾಡುವವರು. ಯಾವುದನ್ನು ನಂಬುವುದು?
— ಒಬ್ಬ ತಾಯಿ, ತುಮಕೂರು

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ದುಡ್ಡಲ್ಲ, ಮಗಳ ಹೆಸರು ದಾಖಲಾಯಿತೇನೋ ಎಂಬ ಭಯ. ಅದನ್ನೇ ಮೊದಲು ಹೇಳುತ್ತೇನೆ. ಕೇಳಿದ ಹಣ ಕಟ್ಟಿ ರಸೀದಿ ಪಡೆದಿದ್ದರೆ ವಿಷಯ ಅಲ್ಲಿಗೆ ಮುಗಿಯಿತು. ಅದು ಕೋರ್ಟ್ ವಿಧಿಸಿದ ಶಿಕ್ಷೆಯಲ್ಲ, ಪೊಲೀಸ್ ಕೇಸೂ ಅಲ್ಲ. ಸರ್ಕಾರಿ ಕೆಲಸದ ಅರ್ಜಿಗಳಲ್ಲಿ ಬಂಧನ, ಮೊಕದ್ದಮೆ, ನ್ಯಾಯಾಲಯದ ಶಿಕ್ಷೆಯ ಬಗ್ಗೆ ಕೇಳುತ್ತಾರೆ. ಟಿಟಿ ಬರೆದುಕೊಟ್ಟ ರಸೀದಿ ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಈ ಗೊಂದಲ ಹುಟ್ಟುವುದು 1989ರ ರೈಲ್ವೆ ಕಾಯ್ದೆಯ ಎರಡು ಕಲಮುಗಳನ್ನು ಜನ ಒಂದೇ ಎಂದುಕೊಳ್ಳುವುದರಿಂದ. 137ನೇ ಕಲಂ ಇರುವುದು ರೈಲ್ವೆಗೆ ಮೋಸ ಮಾಡುವ ಉದ್ದೇಶದಿಂದಲೇ ಟಿಕೆಟ್ ಇಲ್ಲದೆ ಹೋಗುವವರಿಗೆ, ಒಮ್ಮೆ ಬಳಸಿದ ಟಿಕೆಟನ್ನೇ ಮತ್ತೆ ತೋರಿಸುವವರಿಗೆ. ಅದು ಅಪರಾಧ, ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಆರು ತಿಂಗಳವರೆಗೆ ಸೆರೆ, ₹1,000ದವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ನಿಮ್ಮ ಮಗಳಿಗೆ ಅನ್ವಯಿಸಿದ್ದು 138ನೇ ಕಲಂ. ಸರಿಯಾದ ಟಿಕೆಟ್ ಕೈಯಲ್ಲಿಲ್ಲದೆ ಸಿಕ್ಕವರು ಪ್ರಯಾಣದ ದರವನ್ನೂ ಅದರ ಮೇಲೆ ಹೆಚ್ಚುವರಿ ಶುಲ್ಕವನ್ನೂ ಕಟ್ಟಬೇಕು ಎನ್ನುತ್ತದೆ ಅದು. ನಾವು ಬಾಯಿಮಾತಿನಲ್ಲಿ ದಂಡ, ಫೈನ್ ಎನ್ನುತ್ತೇವೆ. ಕಾಯ್ದೆಯ ಭಾಷೆಯಲ್ಲಿ ಅದು ಹೆಚ್ಚುವರಿ ಶುಲ್ಕ ಮಾತ್ರ.

ಕೇಸ್ ಆಗುತ್ತದೆ ಎಂದದ್ದು ಪೂರ್ತಿ ಸುಳ್ಳೂ ಅಲ್ಲ. ಕಟ್ಟುವುದಿಲ್ಲ ಎಂದು ನಿಂತರೆ ಅಧಿಕಾರ ಪಡೆದ ಸಿಬ್ಬಂದಿ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಿ ವಸೂಲಿಗೆ ಆದೇಶ ಪಡೆಯಬಹುದು. ಆಗಲೂ ಕಟ್ಟದಿದ್ದರೆ ಹತ್ತು ದಿನದಿಂದ ಒಂದು ತಿಂಗಳವರೆಗೆ ಸೆರೆವಾಸವಿದೆ. ಹಾಗಾಗಿ ಮೊತ್ತ ತಪ್ಪು ಎನಿಸಿದರೂ ರೈಲಿನಲ್ಲಿ ಜಗಳ ಬೆಳೆಸುವುದಕ್ಕಿಂತ ಕಟ್ಟಿ, ರಸೀದಿ ಹಿಡಿದು, ಆಮೇಲೆ ದೂರು ಕೊಡುವುದೇ ಕ್ಷೇಮ. ಮಗಳು ಮಾಡಿದ್ದು ಸರಿಯಾಗಿದೆ.

ಆದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿಸುತ್ತೇವೆ ಎಂದ ಮಾತು ಸರಿಯಲ್ಲ. ಹಣ ಕೊಡದವರನ್ನು ಇಳಿಸುವ ಅಧಿಕಾರ 139ನೇ ಕಲಮಿನಲ್ಲಿದೆ, ನಿಜ. ಅದೇ ಕಲಮಿನಲ್ಲಿ ಒಂದು ಕಟ್ಟುಪಾಡೂ ಇದೆ. ಜೊತೆಯಲ್ಲಿ ಗಂಡಸು ಇಲ್ಲದೆ ಪ್ರಯಾಣಿಸುವ ಹೆಂಗಸನ್ನು ಅಥವಾ ಮಗುವನ್ನು ಇಳಿಸುವುದಾದರೆ ಆಕೆ ಹತ್ತಿದ ಸ್ಟೇಷನ್, ಜಂಕ್ಷನ್, ರೈಲಿನ ಕೊನೆಯ ಸ್ಟೇಷನ್, ಇಲ್ಲವೇ ಜಿಲ್ಲಾ ಕೇಂದ್ರದ ಸ್ಟೇಷನ್‌ನಲ್ಲಿ ಮಾತ್ರ ಇಳಿಸಬೇಕು, ಅದೂ ಹಗಲು ಹೊತ್ತಿನಲ್ಲಿ ಮಾತ್ರ. ದೊಡ್ಡಬೆಲೆಯಂಥ ಸಣ್ಣ ಸ್ಟೇಷನ್‌ನಲ್ಲಿ ಒಂಟಿ ಹೆಣ್ಣುಮಗಳನ್ನು ಇಳಿಸಿ ಹೋಗುವಂತಿಲ್ಲ. ರಾತ್ರಿ ಹೊತ್ತು ಎಲ್ಲಿಯೂ ಇಳಿಸುವಂತಿಲ್ಲ. ಕೆಲಸ ಮುಗಿಸಿ ಕತ್ತಲಾದ ಮೇಲೆ ಊರಿಗೆ ಮರಳುವ ಹುಡುಗಿಯರು ಇದೊಂದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ಯಾರಾದರೂ ಹೆದರಿಸಿದರೆ ತಕ್ಷಣ 139ಕ್ಕೆ ಕರೆ ಮಾಡಬಹುದು. ರೈಲ್ವೆಯ ಸಹಾಯವಾಣಿಗೂ ಅದೇ ಅಂಕಿ ಇರುವುದರಿಂದ ನೆನಪಿಡುವುದು ಸುಲಭ.

ಈಗ ಹುಬ್ಬಳ್ಳಿಯ ಲೆಕ್ಕಕ್ಕೆ ಬರೋಣ. ಕಾಯ್ದೆಯ ಪ್ರಕಾರ ಪ್ರಯಾಣಿಕರು ಎಲ್ಲಿಂದ ಹತ್ತಿದರು ಎಂಬುದರಲ್ಲಿ ಅನುಮಾನ ಇದ್ದರೆ ರೈಲು ಹೊರಟ ಮೊದಲ ಸ್ಟೇಷನ್‌ನಿಂದ ದರ ಹಾಕಬಹುದು. ದಾರಿಯಲ್ಲಿ ಆ ರೈಲಿನ ಟಿಕೆಟ್‌ಗಳ ತಪಾಸಣೆ ಆಗಿದ್ದರೆ, ಕೊನೆಯ ತಪಾಸಣೆ ನಡೆದ ಜಾಗದಿಂದ ಹಾಕಬೇಕು. ಅರಸೀಕೆರೆಯಲ್ಲಿ ಆ ಬೋಗಿಯನ್ನು ಒಮ್ಮೆ ನೋಡಿ ಮುಗಿಸಿದ್ದರೆ ಲೆಕ್ಕ ಅರಸೀಕೆರೆಯಿಂದ ಶುರುವಾಗಬೇಕೇ ಹೊರತು ಹುಬ್ಬಳ್ಳಿಯಿಂದಲ್ಲ. ಈ ನಿಯಮ ಕಠಿಣ ಎನಿಸುತ್ತದೆ. ಆದರೆ ಅದಿಲ್ಲದಿದ್ದರೆ ಹುಬ್ಬಳ್ಳಿಯಿಂದ ಬಂದವರೂ ‘ಈಗ ತಾನೇ ತುಮಕೂರಿನಲ್ಲಿ ಹತ್ತಿದೆ’ ಎಂದು ಹೇಳಿ ಪಾರಾಗುತ್ತಾರೆ. ಜನರಲ್ ಬೋಗಿಯಲ್ಲಿ ಸೀಟು ನಂಬರ್ ಇಲ್ಲ, ಹೆಸರಿನ ಪಟ್ಟಿ ಇಲ್ಲ. ಯಾರು ಎಲ್ಲಿ ಹತ್ತಿದರು ಎಂದು ಹೇಳಲು ಟಿಟಿಗೆ ಟಿಕೆಟ್ ಬಿಟ್ಟರೆ ಬೇರೆ ಆಧಾರ ಇರುವುದಿಲ್ಲ.

ಇಲ್ಲಿ ಮುಖ್ಯವಾದ ಮಾತು ಅನುಮಾನ. ಅದನ್ನು ಹೋಗಲಾಡಿಸುವ ಸಾಕ್ಷಿ ಎಷ್ಟೋ ಸಲ ನಮ್ಮ ಜೇಬಿನಲ್ಲೇ ಇರುತ್ತದೆ, ಗಾಬರಿಯಲ್ಲಿ ತೋರಿಸುವುದು ಮರೆತುಹೋಗುತ್ತದೆ. ಸ್ಟೇಷನ್ ಪಾರ್ಕಿಂಗ್‌ನಲ್ಲಿ ಅಂದು ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿದ ಚೀಟಿ, ಸ್ಟೇಷನ್ ಎದುರಿನ ಅಂಗಡಿಯಲ್ಲಿ ಕಾಫಿಗೆ ಫೋನ್‌ಪೇ ಮಾಡಿದ ಸಮಯ, ಸಿಟಿ ಬಸ್ಸಿನ ಟಿಕೆಟ್, ಆ್ಯಪ್‌ನಲ್ಲಿ ಟಿಕೆಟ್ ತೆಗೆಯಲು ಹೋಗಿ ವಿಫಲವಾದದ್ದಕ್ಕೆ ಬಂದ ಸಂದೇಶ. ಇವು ಯಾವುವೂ ಟಿಕೆಟ್‌ಗೆ ಸಮವಲ್ಲ, ₹250 ಇವುಗಳಿಂದ ತಪ್ಪುವುದಿಲ್ಲ. ಆದರೆ ಬೆಳಿಗ್ಗೆ ಏಳು ಗಂಟೆಗೆ ತುಮಕೂರಿನ ಅಂಗಡಿಯಲ್ಲಿ ದುಡ್ಡು ಕೊಟ್ಟವಳು ಏಳೂಕಾಲರ ರೈಲಿಗೆ ಹುಬ್ಬಳ್ಳಿಯಲ್ಲಿ ಹತ್ತಿರಲು ಸಾಧ್ಯವಿಲ್ಲ ಎಂಬುದನ್ನು ಸಮಾಧಾನದಿಂದ ತೋರಿಸಿದರೆ ದರವನ್ನು ತುಮಕೂರಿನಿಂದ ಹಾಕಿ ಎಂದು ಕೇಳಲು ನ್ಯಾಯವಾದ ಕಾರಣ ಸಿಗುತ್ತದೆ. ಎದುರು ಕೂತವರು ‘ಹೌದು, ಇವರು ತುಮಕೂರಿನಲ್ಲೇ ಹತ್ತಿದರು’ ಎಂದರೆ ಅದೂ ಸಹಾಯಕ್ಕೆ ಬರುತ್ತದೆ.

ಮೊತ್ತದ ಲೆಕ್ಕವನ್ನೂ ತಿಳಿದಿಟ್ಟುಕೊಳ್ಳಿ. ಹೆಚ್ಚುವರಿ ಶುಲ್ಕ ಎಂದರೆ ಬಾಕಿ ದರದಷ್ಟೇ ಮೊತ್ತ ಅಥವಾ ₹250, ಇವುಗಳಲ್ಲಿ ಯಾವುದು ಹೆಚ್ಚೋ ಅದು. ಬಾಕಿ ದರ ₹40 ಎಂದುಕೊಳ್ಳಿ. ಆಗ ಶುಲ್ಕ ₹250, ಒಟ್ಟು ₹290. ಬಾಕಿ ದರ ₹150 ಆದರೂ ಶುಲ್ಕ ₹250, ಒಟ್ಟು ₹400. ಬಾಕಿ ದರವೇ ₹300 ಇದ್ದರೆ ಶುಲ್ಕವೂ ₹300 ಆಗಿ ಒಟ್ಟು ₹600. ನಿಮ್ಮ ಮಗಳು ಕಟ್ಟಿದ ನಾನೂರು ಚಿಲ್ಲರೆ ಈ ಲೆಕ್ಕಕ್ಕೆ ಹೊಂದುತ್ತದೆ. ಅಂದರೆ ಹತ್ತಿದ ಊರು ಸಾಬೀತಾಗಿದ್ದರೆ ಉಳಿಯುತ್ತಿದ್ದದ್ದು ನೂರು ಚಿಲ್ಲರೆ ಅಷ್ಟೇ. ಜನರಲ್ ಟಿಕೆಟ್ ಹಿಡಿದು ಅಥವಾ ಟಿಕೆಟ್ ಇಲ್ಲದೆ ಸ್ಲೀಪರ್ ಬೋಗಿಯಲ್ಲಿ ಕೂತು ಸಿಕ್ಕವರಿಗೆ ಏಟು ಇನ್ನೂ ಜೋರು. ಸ್ಲೀಪರ್ ದರವನ್ನು ಕನಿಷ್ಠ 200 ಕಿಲೋಮೀಟರ್‌ಗೆ ಹಾಕುವ ಪದ್ಧತಿ ಇದೆ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್ ಆಸುಪಾಸು ಇದ್ದರೂ 200ರ ದರವೇ ಬೀಳುತ್ತದೆ.

ಪಕ್ಕದ ಮನೆಯವರು ಹೇಳಿದ ಗಾರ್ಡ್ ವಿಷಯದಲ್ಲಿ ಅರ್ಧ ನಿಜವಿದೆ. ಉಳಿದರ್ಧ ಗೊತ್ತಿಲ್ಲದೆ ಜನ ಕೆಡುತ್ತಾರೆ. ಕಾಯ್ದೆಯ 55ನೇ ಕಲಂ ಟಿಕೆಟ್ ಇಲ್ಲದವರು ಅಧಿಕಾರವುಳ್ಳ ರೈಲ್ವೆ ಸಿಬ್ಬಂದಿಯ ಅನುಮತಿ ಪಡೆದು ಹತ್ತಬಹುದು ಎನ್ನುತ್ತದೆ. ಆಮೇಲೆ ದರ ಕಟ್ಟುತ್ತಾರೆ ಎಂಬ ಷರತ್ತಿನ ಮೇಲೆ ಅವರು ಒಂದು ಪ್ರಮಾಣಪತ್ರ ಬರೆದುಕೊಡುತ್ತಾರೆ. ಆ ಚೀಟಿ ಕೈಯಲ್ಲಿದ್ದರೆ ಹೆಚ್ಚುವರಿ ಶುಲ್ಕ ಹಾಕುವಂತಿಲ್ಲ, ದರ ಕಟ್ಟಿದರೆ ಸಾಕು. ಆದರೆ ಅನುಮತಿಯನ್ನು ಹತ್ತುವ ಮುಂಚೆ ಕೇಳಿರಬೇಕು, ಚೀಟಿಯನ್ನು ಪಡೆದಿರಬೇಕು. ‘ಹತ್ತಿದ ಮೇಲೆ ಹೇಳೋಣ ಅಂದುಕೊಂಡಿದ್ದೆ’ ಎಂದರೆ ಅದು ಅನುಮತಿಯಾಗುವುದಿಲ್ಲ. ‘ಗಾರ್ಡ್ ತಲೆಯಾಡಿಸಿದರು’ ಎಂದರೂ ಆಗುವುದಿಲ್ಲ. ಈಗ ಗಾರ್ಡ್ ಹುದ್ದೆಯ ಹೆಸರು ಟ್ರೇನ್ ಮ್ಯಾನೇಜರ್ ಎಂದಾಗಿದೆ. ಅವರು ಇರುವುದು ರೈಲಿನ ಹಿಂಭಾಗದಲ್ಲಿ. ಎರಡು ನಿಮಿಷ ನಿಲ್ಲುವ ಎಕ್ಸ್‌ಪ್ರೆಸ್ಸಿಗೆ ಪ್ಲಾಟ್‌ಫಾರಮಿನ ಈ ತುದಿಯಿಂದ ಆ ತುದಿಗೆ ಓಡಿ, ಕಾರಣ ಹೇಳಿ, ಚೀಟಿ ಬರೆಸಿಕೊಳ್ಳುವುದು ನಡೆಯುವ ಕೆಲಸವಲ್ಲ. ಕ್ಯೂ ಉದ್ದ ಇತ್ತು ಎಂಬ ಕಾರಣಕ್ಕೆ ಅವರು ಅನುಮತಿ ಕೊಡಲೇಬೇಕು ಎಂದೇನೂ ಇಲ್ಲ. ಈ ದಾರಿ ನಿಜವಾಗಿ ಉಪಯೋಗಕ್ಕೆ ಬರುವುದು ಕೌಂಟರ್ ಮುಚ್ಚಿರುವ ಸಣ್ಣ ಸ್ಟೇಷನ್‌ಗಳಲ್ಲಿ. ನಂದಿ ಹಾಲ್ಟ್, ಅವತಿಹಳ್ಳಿಯಂಥ ಕಡೆಯಿಂದ ಹತ್ತುವವರು, ಕೋಲಾರ–ಚಿಂತಾಮಣಿ ನಡುವಿನ ಸಣ್ಣ ಸ್ಟೇಷನ್‌ಗಳವರು ಇದನ್ನು ತಿಳಿದಿರಬೇಕು. ಟಿಕೆಟ್ ಕೊಡುವವರೇ ಇಲ್ಲದಿದ್ದರೆ ಮುಚ್ಚಿದ ಕಿಟಕಿಯ ಫೋಟೋ ತೆಗೆದಿಟ್ಟುಕೊಳ್ಳಿ, ಪ್ಲಾಟ್‌ಫಾರಮಿನಲ್ಲಿ ಹಿಂದಿನ ಬೋಗಿ ಬರುವ ಕಡೆಯೇ ನಿಂತಿರಿ, ಹತ್ತುವ ಮುಂಚೆ ಕೇಳಿ.

ಪ್ಲಾಟ್‌ಫಾರಂ ಟಿಕೆಟ್ ಕತೆಯೂ ಹೀಗೆಯೇ. ₹10 ಕೊಟ್ಟರೆ ಸಿಗುವ ಆ ಚೀಟಿ ಎರಡು ಗಂಟೆ ಪ್ಲಾಟ್‌ಫಾರಮಿನಲ್ಲಿ ಇರಲು ಮಾತ್ರ, ರೈಲು ಹತ್ತಲು ಅಲ್ಲ. ಅದು ಕೈಯಲ್ಲಿದ್ದರೆ ಆಗುವ ಲಾಭ ಒಂದೇ. ಯಾವ ಸ್ಟೇಷನ್‌ನಿಂದ, ಯಾವ ಹೊತ್ತಿಗೆ ಒಳಗೆ ಬಂದಿರಿ ಎಂಬುದಕ್ಕೆ ಗಟ್ಟಿ ಸಾಕ್ಷಿ ಅದು. ದರ ತುಮಕೂರಿನಿಂದ ಬೀಳುತ್ತದೆ, ₹250 ಹಾಗೇ ಉಳಿಯುತ್ತದೆ. ಇಷ್ಟನ್ನು ಮಾತ್ರ ಕೇಳಿದ ಯಾರೋ ‘ಪ್ಲಾಟ್‌ಫಾರಂ ಟಿಕೆಟ್ ಸಾಕು’ ಎಂದು ಮೊಬೈಲಿನಲ್ಲಿ ಹರಡಿಬಿಟ್ಟಿದ್ದಾರೆ.

ಆ್ಯಪ್ ಯಾಕೆ ಕೈಕೊಟ್ಟಿತು ಎಂಬುದು ತಿಳಿದರೆ ಇನ್ನೊಮ್ಮೆ ಹೀಗಾಗುವುದಿಲ್ಲ. ರೈಲಿನೊಳಗೆ ಕೂತವರಿಗೆ ಟಿಕೆಟ್ ಕೊಡಬಾರದೆಂದೇ ಅದನ್ನು ಕಟ್ಟಿದ್ದಾರೆ. ಕಾಗದವಿಲ್ಲದ ಜನರಲ್ ಟಿಕೆಟ್ ತೆಗೆಯುವಾಗ ಫೋನಿನ ಲೊಕೇಶನ್ ಆನ್ ಇರಬೇಕು, ನೀವು ಹಳಿ ಮತ್ತು ಸ್ಟೇಷನ್ ಆವರಣದಿಂದ ಆಚೆ ಇರಬೇಕು. ಹಾಗಿಲ್ಲದಿದ್ದರೆ ಟಿಟಿಯ ಕಪ್ಪು ಕೋಟು ಕಂಡ ಮೇಲೆ ಟಿಕೆಟ್ ತೆಗೆದು ತೋರಿಸಬಹುದಲ್ಲ! ಹಾಗಾಗಿ ಮನೆಯಿಂದ ಹೊರಡುವಾಗ ಅಥವಾ ಆಟೋದಲ್ಲಿ ಬರುತ್ತಲೇ ತೆಗೆಯುವುದು ಸರಿಯಾದ ಕ್ರಮ. ಮರೆತು ಒಳಗೆ ಬಂದುಬಿಟ್ಟರೆ ಒಂದು ಬಾಗಿಲು ಇನ್ನೂ ತೆರೆದಿರುತ್ತದೆ. ಸ್ಟೇಷನ್ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆವರಣದಲ್ಲಿದ್ದೇ ಆ ಸ್ಟೇಷನ್‌ನಿಂದ ಟಿಕೆಟ್ ತೆಗೆಯಬಹುದು. ಆ ಕೋಡ್ ಎಲ್ಲಿದೆ ಎಂದು ಬಿಡುವಿರುವ ಒಂದು ದಿನ ಮಗಳು ನೋಡಿಟ್ಟುಕೊಳ್ಳಲಿ. ರೈಲು ಬರುವ ಹೊತ್ತಿಗೆ ಹುಡುಕಲು ಆಗುವುದಿಲ್ಲ.

2025ರ ಜುಲೈ 1ರಿಂದ ರೈಲ್‌ವನ್ ಎಂಬ ಆ್ಯಪ್ ಬಂದಿದೆ. ಅದರಲ್ಲಿ ಕಾಯ್ದಿರಿಸದ ಟಿಕೆಟ್ ತೆಗೆಯುವಾಗ ಆತುರದಲ್ಲಿ ತಪ್ಪುವುದು ರೈಲಿನ ಬಗೆ ಆರಿಸುವ ಜಾಗದಲ್ಲಿ. ಆರ್ಡಿನರಿ, ಮೇಲ್ ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್ ಎಂದು ಮೂರು ಇರುತ್ತವೆ. ಕಡಿಮೆ ದರ ಕಂಡಿತೆಂದು ಆರ್ಡಿನರಿ ಒತ್ತಿ ಎಕ್ಸ್‌ಪ್ರೆಸ್ ಹತ್ತಿದರೆ ಟಿಕೆಟ್ ಇದ್ದೂ ಸಿಕ್ಕಿಬೀಳುತ್ತೀರಿ. ಮೇಲ್ದರ್ಜೆಯ ರೈಲಿನಲ್ಲಿ ಹೋದದ್ದಕ್ಕೆ ದರದ ವ್ಯತ್ಯಾಸದ ಮೇಲೆ ಅದೇ ₹250 ಬೀಳುತ್ತದೆ. ಗುರುತಿಸುವುದು ಸುಲಭ. ಐದಂಕಿಯ ರೈಲು ನಂಬರ್ 12, 20, 22ರಿಂದ ಶುರುವಾದರೆ ಸೂಪರ್‌ಫಾಸ್ಟ್, 16 ಅಥವಾ 17 ಇದ್ದರೆ ಸಾಮಾನ್ಯವಾಗಿ ಎಕ್ಸ್‌ಪ್ರೆಸ್, 5ರಿಂದ ಶುರುವಾದರೆ ಪ್ಯಾಸೆಂಜರ್, 6ರಿಂದ ಆದರೆ ಮೆಮು, ಅಂದರೆ ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು. ಸೂಪರ್‌ಫಾಸ್ಟ್‌ಗೆ ಜನರಲ್ ಬೋಗಿಯಲ್ಲಿ ₹15 ಸರ್‌ಚಾರ್ಜ್ ಇದೆ. ಆ ಹದಿನೈದು ರೂಪಾಯಿ ಕಟ್ಟದೆ ಇನ್ನೂರೈವತ್ತು ಕಳೆದುಕೊಳ್ಳುವುದು ಯಾರಿಗೂ ಬೇಡ.

ಕೋಲಾರದವರಿಗೆ ಇನ್ನೊಂದು ಸಿಕ್ಕು ಇದೆ. ಕೋಲಾರದಿಂದ ಬೆಂಗಳೂರಿಗೆ ಬಂಗಾರಪೇಟೆ ಮೇಲೂ ಹೋಗಬಹುದು, ಚಿಂತಾಮಣಿ–ಚಿಕ್ಕಬಳ್ಳಾಪುರದ ಮೇಲೆ ಸುತ್ತಿಕೊಂಡೂ ಹೋಗಬಹುದು. ಟಿಕೆಟ್ ಮೇಲೆ ಯಾವ ಮಾರ್ಗ ಎಂದು ಅಚ್ಚಾಗಿರುತ್ತದೆ. ಹತ್ತಿರದ ದಾರಿಯ ಟಿಕೆಟ್ ಹಿಡಿದು ಸುತ್ತು ದಾರಿಯ ರೈಲು ಹತ್ತಬೇಡಿ. ಕೌಂಟರಿನಲ್ಲಾದರೆ ಬಾಯಿಬಿಟ್ಟು ಹೇಳಿ, ಆ್ಯಪ್‌ನಲ್ಲಾದರೆ ಮಾರ್ಗ ನೋಡಿ ಒತ್ತಿ.

ಹಣ ಕಡಿತವಾಗಿ ಟಿಕೆಟ್ ಬರಲಿಲ್ಲ ಎಂಬ ದೂರು ಬಹಳ. ಬ್ಯಾಂಕಿನ ಮೆಸೇಜ್ ಟಿಕೆಟ್ ಅಲ್ಲ. ಆ್ಯಪ್‌ನಲ್ಲಿ ಟಿಕೆಟ್ ಕಾಣದಿದ್ದರೆ ನಿಮ್ಮ ಬಳಿ ಟಿಕೆಟ್ ಇಲ್ಲ ಎಂದೇ ಲೆಕ್ಕ. ನೆಟ್‌ವರ್ಕ್ ಕುಂಟುವ ಜಾಗದಲ್ಲಿ ಯುಪಿಐ ತಡವಾಗುವುದರಿಂದ ಆ್ಯಪ್‌ನೊಳಗಿನ ಮುಂಗಡ ಹಣದ ಖಾತೆಯಾದ ಆರ್-ವಾಲೆಟ್‌ನಲ್ಲಿ ಒಂದಿಷ್ಟು ಹಣ ಹಾಕಿಟ್ಟರೆ ಅನುಕೂಲ. ತೆಗೆದ ಟಿಕೆಟನ್ನು ಆ್ಯಪ್ ತೆರೆದೇ ತೋರಿಸಬೇಕು, ಅದಕ್ಕೆ ನೆಟ್ ಬೇಕಿಲ್ಲ. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಅಪ್ಪನ ಫೋನಿನಲ್ಲಿ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಚಿತ್ರವೂ ನಡೆಯುವುದಿಲ್ಲ. ಬ್ಯಾಟರಿ ಸತ್ತರೂ ಟಿಕೆಟ್ ಇಲ್ಲದವರ ಲೆಕ್ಕಕ್ಕೇ ಬರುತ್ತೀರಿ. ಚಾರ್ಜ್ ನಂಬಿಕೆ ಇಲ್ಲದ ದಿನ ಕಾಗದದ ಟಿಕೆಟ್ ವಾಸಿ.

ಕಾಗದದ ಟಿಕೆಟ್‌ಗೂ ಒಂದು ಗಡುವು ಇದೆ. 2016ರ ಮಾರ್ಚ್ 1ರಿಂದ 199 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್‌ಗೆ ಮೂರು ಗಂಟೆಯ ನಿಯಮ ಇದೆ. ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಅಥವಾ ಆ ಊರಿಗೆ ಹೊರಡುವ ಮೊದಲ ರೈಲಿನೊಳಗೆ, ಯಾವುದು ತಡವೋ ಅಷ್ಟರಲ್ಲಿ ಪ್ರಯಾಣ ಶುರು ಮಾಡಿರಬೇಕು. ಬೆಳಿಗ್ಗೆ ಆರಕ್ಕೆ ಕೌಂಟರ್ ಖಾಲಿ ಇದೆ ಎಂದು ತೆಗೆದಿಟ್ಟು ಹನ್ನೊಂದರ ರೈಲು ಹತ್ತಿದರೆ ಆ ಟಿಕೆಟ್‌ಗೆ ಬೆಲೆ ಇಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಓಡಾಡುವವರೆಲ್ಲ ಈ ಮಿತಿಯೊಳಗೇ ಬರುತ್ತಾರೆ.

ಬಸ್ಸಿನ ಅಭ್ಯಾಸವೂ ನಮ್ಮ ಕಡೆ ಜನರನ್ನು ದಾರಿ ತಪ್ಪಿಸುತ್ತದೆ. ಕೆಎಸ್‌ಆರ್‌ಟಿಸಿಯಲ್ಲಿ ಮೊದಲು ಹತ್ತುತ್ತೇವೆ, ಆಮೇಲೆ ಕಂಡಕ್ಟರ್ ಟಿಕೆಟ್ ಕೊಡುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ದುಡ್ಡಿನ ಮಾತೂ ಇಲ್ಲ. ರೈಲಿಗೆ ಶಕ್ತಿ ಯೋಜನೆ ಇಲ್ಲ, ಅದು ರಾಜ್ಯದ ಸಾರಿಗೆ ಬಸ್ಸುಗಳಿಗೆ ಮಾತ್ರ. ಜನರಲ್ ಬೋಗಿಯಲ್ಲಿ ಕಂಡಕ್ಟರ್ ಎಂಬವರೂ ಇಲ್ಲ. ಅಲ್ಲಿಗೆ ಬರುವ ಟಿಟಿ ಟಿಕೆಟ್ ಮಾರಲು ಬರುವುದಿಲ್ಲ, ನೋಡಲು ಬರುತ್ತಾರೆ. ಕೊಡಬೇಕೆಂಬ ಮನಸ್ಸು ನಮಗೆ ಇತ್ತೋ ಇಲ್ಲವೋ ಎಂಬುದು 138ರ ಲೆಕ್ಕಕ್ಕೆ ಬರುವುದಿಲ್ಲ. ಕಾಲು ಮೆಟ್ಟಿಲ ಮೇಲೆ ಇಟ್ಟಾಗ ಕೈಯಲ್ಲಿ ಟಿಕೆಟ್ ಇತ್ತೇ ಎಂಬುದೊಂದೇ ಪ್ರಶ್ನೆ.

ಹಾಗಾದರೆ ಸಾಲು ಉದ್ದ ಇದ್ದಾಗ ಏನು ಮಾಡಬೇಕು? ಟಿಕೆಟ್ ಕೊಡುವ ಯಂತ್ರ ಇರುವ ಸ್ಟೇಷನ್‌ಗಳಲ್ಲಿ ಯುಪಿಐ ಸ್ಕ್ಯಾನ್ ಮಾಡಿ ಅಲ್ಲೇ ತೆಗೆಯಬಹುದು. ಸ್ಟೇಷನ್ ಹೊರಗೆ ಜನಸಾಧಾರಣ ಟಿಕೆಟ್ ಕೇಂದ್ರ ಇದ್ದರೆ ಸಣ್ಣ ಸೇವಾ ಶುಲ್ಕಕ್ಕೆ ಜನರಲ್ ಟಿಕೆಟ್ ಸಿಗುತ್ತದೆ. ಇವೆರಡೂ ಆಗದೆ ರೈಲು ಬಂದುಬಿಟ್ಟರೆ, ನನ್ನ ಸಲಹೆ ಅದನ್ನು ಬಿಟ್ಟುಬಿಡುವುದು. ಆಫೀಸಿಗೆ ತಡವಾಗುತ್ತದೆ, ಗೊತ್ತು. ಆದರೂ ಹತ್ತಿ ನೋಡೋಣ ಎಂಬ ಲೆಕ್ಕದಲ್ಲಿ ಒಂದು ಸಲ ಸಿಕ್ಕರೆ ಎಷ್ಟೋ ದಿನದ ಟಿಕೆಟ್ ಹಣ ಹೋಗುತ್ತದೆ, ಮೇಲೆ ನಾಲ್ಕು ಜನರ ಮುಂದೆ ನಿಲ್ಲಬೇಕಾದ ಸಂಕಟ ಬೇರೆ.

ದಿನಾ ಓಡಾಡುವ ನಿಮ್ಮ ಮಗಳಿಗೆ ಸರಿಯಾದ ಪರಿಹಾರ ಪಾಸ್. 150 ಕಿಲೋಮೀಟರ್‌ವರೆಗೆ ತಿಂಗಳ ಪಾಸ್ ಕೊಡುತ್ತಾರೆ, ದಿನಕ್ಕೆರಡು ಟಿಕೆಟ್‌ಗಿಂತ ಬಹಳ ಅಗ್ಗ. ಮೂರು ತಿಂಗಳ ಪಾಸ್‌ಗೆ ತಿಂಗಳ ದರದ 2.7 ಪಟ್ಟು, ಆರು ತಿಂಗಳಿಗೆ 5.4 ಪಟ್ಟು, ವರ್ಷಕ್ಕೆ 10.8 ಪಟ್ಟು. ಮೊದಲ ಸಲ ಫೋಟೋ ಮತ್ತು ಗುರುತಿನ ಚೀಟಿ ತೆಗೆದುಕೊಂಡು ಕೌಂಟರಿಗೆ ಹೋಗಲಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿದ್ದರೆ ಪದವಿಯವರೆಗೆ, ಗಂಡುಮಕ್ಕಳಿದ್ದರೆ ಹನ್ನೆರಡನೇ ತರಗತಿಯವರೆಗೆ ಮನೆಯಿಂದ ಶಾಲೆ–ಕಾಲೇಜಿಗೆ ಎರಡನೇ ದರ್ಜೆಯ ತಿಂಗಳ ಪಾಸ್ ಉಚಿತ. ಇದನ್ನು ಕೇಳಿ ಪಡೆಯುವವರು ಕಡಿಮೆ ಎಂಬುದು ಬೇಸರದ ಸಂಗತಿ.

ಪಾಸ್ ಇದ್ದೂ ಸಿಕ್ಕಿಬೀಳುವವರಿದ್ದಾರೆ. ಮನೆಯಲ್ಲಿ ಮರೆತು ಬಂದರೆ ಆ ದಿನದ ಮಟ್ಟಿಗೆ ಅವರು ಟಿಕೆಟ್ ಇಲ್ಲದವರೇ. ತುಮಕೂರು–ಯಶವಂತಪುರ ಪಾಸ್ ಹಿಡಿದು ಕೆಲಸವಿದೆ ಎಂದು ಮೆಜೆಸ್ಟಿಕ್‌ವರೆಗೆ ಹೋದರೆ ಪಾಸಿನ ಆಚೆ ಹೋದಂತೆ. ಮಾಲೂರು, ಬಂಗಾರಪೇಟೆ ಕಡೆಯಿಂದ ಕೃಷ್ಣರಾಜಪುರಕ್ಕೆ ಪಾಸ್ ಮಾಡಿಸಿ ಕಂಟೋನ್ಮೆಂಟ್‌ನಲ್ಲಿ ಇಳಿಯುವವರಿಗೂ ಇದೇ ತೊಂದರೆ. ಹಾಗಾಗಿ ಕೆಲವು ರೂಪಾಯಿ ಹೆಚ್ಚಾದರೂ ಹೋಗಬಹುದಾದ ಕೊನೆಯ ಸ್ಟೇಷನ್‌ವರೆಗೆ ಮಾಡಿಸಿ. ಸೂಪರ್‌ಫಾಸ್ಟ್‌ಗೆ ಬೇರೆ ಸರ್‌ಚಾರ್ಜ್ ಕಟ್ಟಿರಬೇಕು. ಸ್ಲೀಪರ್ ಬೋಗಿಗೆ ಪಾಸ್ ನಡೆಯುತ್ತದೆ ಎಂದುಕೊಳ್ಳಬೇಡಿ. ವಂದೇ ಭಾರತ್‌ನಲ್ಲಿ ಜನರಲ್ ಬೋಗಿಯೇ ಇಲ್ಲ.

ಹಬ್ಬಕ್ಕೆ ಊರಿಗೆ ಹೋಗುವವರು ವೇಟಿಂಗ್ ಲಿಸ್ಟ್ ವಿಷಯದಲ್ಲಿ ಎಚ್ಚರವಾಗಿರಿ. ಮೊಬೈಲಿನಲ್ಲಿ ತೆಗೆದ ಟಿಕೆಟ್ ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತಿದರೆ ಟಿಕೆಟ್ ಇಲ್ಲದಂತೆಯೇ. ಕೌಂಟರಿನ ವೇಟಿಂಗ್ ಟಿಕೆಟ್ ಇದ್ದರೆ ಜನರಲ್ ಬೋಗಿಯಲ್ಲಿ ಹೋಗಬಹುದು, ಸ್ಲೀಪರ್ ಅಥವಾ ಎಸಿ ಬೋಗಿಗೆ ಕಾಲಿಡುವಂತಿಲ್ಲ. ಮಕ್ಕಳ ವಿಷಯ ಇಷ್ಟೇ: ಐದು ವರ್ಷದ ಒಳಗಿನವರಿಗೆ ಟಿಕೆಟ್ ಬೇಡ, ಐದು ತುಂಬಿ ಹನ್ನೆರಡು ಆಗದವರಿಗೆ ಜನರಲ್‌ನಲ್ಲಿ ಅರ್ಧ.

ಇನ್ನು ಹಣ ಕಟ್ಟುವಾಗ ನೋಡಬೇಕಾದ್ದು. ತಪಾಸಣೆ ಮಾಡಿ ಹಣ ಪಡೆಯುವ ಅಧಿಕಾರ ಟಿಕೆಟ್ ತಪಾಸಣಾ ಸಿಬ್ಬಂದಿಗೆ ಇದೆ. ರೈಲ್ವೆ ರಕ್ಷಣಾ ಪಡೆಯವರು (ಆರ್‌ಪಿಎಫ್) ಅವರ ಜೊತೆ ನೆರವಿಗೆ ಬರುತ್ತಾರೆ, ತಾವೇ ಟಿಕೆಟ್ ಕೇಳಿ ಹಣ ಪಡೆಯುವಂತಿಲ್ಲ. ಅನುಮಾನ ಬಂದರೆ ಗುರುತಿನ ಚೀಟಿ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೈಬರಹದ ರಸೀದಿಯಾಗಲಿ, ಕೈಯಲ್ಲಿ ಹಿಡಿದ ಯಂತ್ರದಿಂದ ಬಂದ ಚೀಟಿಯಾಗಲಿ, ಪಡೆಯದೆ ಹಣ ಕೊಡಬೇಡಿ. ಸ್ವಂತ ಫೋನ್ ನಂಬರಿಗೆ ಹಾಕಿ ಎಂದರೆ, ಅರ್ಧ ಕೊಡಿ ರಸೀದಿ ಬೇಡ ಎಂದರೆ ಒಪ್ಪಬೇಡಿ. ರಸೀದಿ ಇಲ್ಲದೆ ಕೊಟ್ಟ ನೂರು ರೂಪಾಯಿ ಮುಂದಿನ ಸ್ಟೇಷನ್‌ನ ಗೇಟಿನಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ರಸೀದಿ ಇದ್ದರೆ ಅದೇ ಅಲ್ಲಿಂದ ಮುಂದೆ ನಿಮ್ಮ ಟಿಕೆಟ್. ಹಾಗಾಗಿ ಅದರಲ್ಲಿ ರೈಲು ನಂಬರ್, ಎಲ್ಲಿಂದ ಎಲ್ಲಿಗೆ, ದರ ಎಷ್ಟು, ಹೆಚ್ಚುವರಿ ಶುಲ್ಕ ಎಷ್ಟು ಎಂಬುದು ಬೇರೆಬೇರೆಯಾಗಿ ಇದೆಯೇ, ಇಳಿಯುವ ಸ್ಟೇಷನ್ ಸರಿಯಾಗಿದೆಯೇ ಎಂದು ಅಲ್ಲೇ ಓದಿ ನೋಡಿ.

ನಿಮ್ಮ ಮಗಳ ವಿಷಯದಲ್ಲಿ ₹250 ಮರಳಿ ಬರುವುದಿಲ್ಲ, ಅದನ್ನು ಕೇಳಲು ಹೋಗಬೇಡಿ. ಹುಬ್ಬಳ್ಳಿ ಮತ್ತು ತುಮಕೂರಿನ ನಡುವಿನ ದರದ ವ್ಯತ್ಯಾಸವನ್ನು ಕೇಳಬಹುದು, ಒಂಟಿ ಹೆಣ್ಣುಮಗಳನ್ನು ಸಣ್ಣ ಸ್ಟೇಷನ್‌ನಲ್ಲಿ ಇಳಿಸುತ್ತೇವೆ ಎಂದು ಹೆದರಿಸಿದ್ದರ ಬಗ್ಗೆಯೂ ದೂರಬಹುದು. ರೈಲ್ವೆಯ ದೂರು ತಾಣವಾದ ರೈಲ್ ಮದದ್‌ನಲ್ಲಿ ರಸೀದಿ ನಂಬರ್ ಹಾಕಿ ದೂರು ದಾಖಲಿಸಿ. ಅದರ ಜೊತೆಗೆ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದ ಹಿರಿಯ ವಾಣಿಜ್ಯ ವ್ಯವಸ್ಥಾಪಕರಿಗೆ ಒಂದು ಪುಟದ ಅರ್ಜಿ ಬರೆಯಿರಿ. ದಿನಾಂಕ, ರೈಲು ನಂಬರ್, ತಪಾಸಣೆ ಆದ ಜಾಗ, ಕಟ್ಟಿದ ಮೊತ್ತ ಇಷ್ಟನ್ನು ಮೊದಲ ಸಾಲುಗಳಲ್ಲೇ ಹೇಳಿ. ಆ ಬೆಳಿಗ್ಗೆ ತುಮಕೂರಿನಲ್ಲಿ ಇದ್ದದ್ದಕ್ಕೆ ಸಿಗುವ ಸಾಕ್ಷಿಯ ಪ್ರತಿ ಲಗತ್ತಿಸಿ. ಪಾರ್ಕಿಂಗ್ ಚೀಟಿ ಬಿಸಾಡಿದ್ದರೂ ಯುಪಿಐ ಇತಿಹಾಸ ಫೋನಿನಲ್ಲಿ ಇದ್ದೇ ಇರುತ್ತದೆ, ಆ್ಯಪ್‌ನ ವಿಫಲ ಪ್ರಯತ್ನವೂ ಸಿಗಬಹುದು. ಟಿಕೆಟ್ ಇರಲಿಲ್ಲ ಎಂಬುದನ್ನು ಮುಚ್ಚಿಡದೆ ಬರೆಯಿರಿ. ಮೂಲ ರಸೀದಿಯನ್ನು ನಿಮ್ಮಲ್ಲೇ ಇಟ್ಟುಕೊಂಡು ಜೆರಾಕ್ಸ್ ಮಾತ್ರ ಕಳಿಸಿ.